ಮಚ್ಚೆ ಪ್ಯಾಂಟಿಗೆ ಸಾದಾ ಅಂಗಿ

ಆಂಧ್ರದ ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಅಲ್ಲಿಯೂ ಮಡಕಶಿರದಲ್ಲೂ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡ ಮನೆಗಳಿವೆ. ಸೈನಿಕರ ಹಸಿರು-ಕಂದು ಮಚ್ಚೆಯ, ತೊಡೆಗೆ ಜೇಬುಳ್ಳ ಕಾರ್ಗೋ ಪ್ಯಾಂಟು ತೊಟ್ಟು ಮಗ ನಿಶ್ಚಿತಾರ್ಥಕ್ಕೆ ಹೊರಟರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ನಾವು ಬೇಡವೆನ್ನುವುದಿಲ್ಲ. ಅಂಗಿ ಮಾತ್ರ ಸಾದಾ ಇರಲಿ: ಬಿಳಿಯದೋ ಕಪ್ಪೋ, ಕಾಲರಿನದು, ಇಸ್ತ್ರಿಯಾದದ್ದು. ಕಾಲಿಗೆ ಕಂದು ಚರ್ಮದ ಜೋಡು, ಜೇಬುಗಳು ಖಾಲಿ. ಅಂಗಿ, ಟೋಪಿಯೂ ಮಚ್ಚೆಯದಾದರೆ ಅದು ಯಕ್ಷಗಾನವಿಲ್ಲದ ವೇಷ!

ತಮಾಷೆ ಇಷ್ಟಕ್ಕೇ ಸಾಕು. ಸೈನಿಕನೆಂದು ನಂಬಿಸಲು ಅಂಥ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಮೂರು ತಿಂಗಳವರೆಗೆ ಸಜೆಯುಂಟು. 2022ರ ಜನವರಿ 15ರಂದು ಸೇನೆ ಹೊರತಂದ ಚುಕ್ಕೆ-ಚೌಕುಳಿಯ ಹೊಸ ವಿನ್ಯಾಸದ ಹಕ್ಕಂತೂ ಸೇನೆಯ ಹೆಸರಿಗೇ ನೋಂದಣಿಯಾಗಿದೆ. ತೊಡುವವರಿಗಿಂತ ಮೊದಲು ಹೊಲಿದು ಮಾರುವವರೇ ಬಟ್ಟೆಯನ್ನು ಬಿಡಿಸಿ ನೋಡಬೇಕು.