ಗ್ಯಾದರಿಂಗಿನ ವೀರಾಗ್ರಣಿಗಳು

ಡಿಸೆಂಬರ್ ಬಂತೆಂದರೆ ಕಾರವಾರ, ಅಂಕೋಲಾ ತಾಲೂಕುಗಳ ಊರೂರಲ್ಲೂ ಗ್ಯಾದರಿಂಗಿನ ಮೈಕು ಕೇಳತೊಡಗುತ್ತದೆ. ಕಾಳಿ ನದಿಯ ದಂಡೆಯ ಕಿನ್ನರ, ಕಡವಾಡಗಳಿಂದ ಹಿಡಿದು ಅಂಕೋಲೆಯ ಬೇಲೇಕೇರಿ, ಅವರ್ಸಾ, ಹಿಲ್ಲೂರುಗಳವರೆಗೆ ಫೆಬ್ರುವರಿ ಮುಗಿಯುವ ತನಕ ಒಂದಲ್ಲ ಒಂದು ಶಾಲೆಯಲ್ಲಿ ಪೆಂಡಾಲು ಎದ್ದಿರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವುದು ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂದು, ಜನ ಕರೆಯುವುದು ಗ್ಯಾದರಿಂಗ್ ಎಂದೇ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, ಏಕೀಕರಣದ 1956ರವರೆಗೂ ಅಲ್ಲಿದ್ದ ಜಿಲ್ಲೆಯಿದು. ಆ ಕಾಲದ ಶಾಲೆಗಳ ಮುಲ್ಕಿ ಪರೀಕ್ಷೆ ಹೋಯಿತು, ಮಾಸ್ತರರು ‘ಸರ್’ ಆದರು, ಗ್ಯಾದರಿಂಗ್ ಮಾತ್ರ ಉಳಿದಿದೆ.

ಗ್ಯಾದರಿಂಗಿನ ನಾಟಕ, ಕುಣಿತ, ಯಕ್ಷಗಾನಗಳ ಬಗ್ಗೆ ಬರೆದವರು ಬಹಳ ಮಂದಿ. ನಾನು ಹೇಳಹೊರಟಿರುವುದು ಅದಕ್ಕೂ ಮೊದಲಿನ ಅರ್ಧ ತಾಸಿನ ಬಗ್ಗೆ. ವರ್ಷವಿಡೀ ಓಡಿದ, ಹಾರಿದ, ಎಸೆದ ಮಕ್ಕಳ ಹೆಸರನ್ನು ಕೂಗಿ ವೇದಿಕೆಗೆ ಕರೆದು ಬಹುಮಾನ ಕೊಡುವ ಹೊತ್ತು ಅದು. ಗೋವೆಯಲ್ಲಿ ಕೆಲಸಕ್ಕಿರುವ ಅಪ್ಪ ರಜೆ ಹಾಕಿ ಬಂದಿರುತ್ತಾನೆ. ಮೀನು ಮಾರಿ ಬಂದ ಅವ್ವ ಸೀರೆ ಬದಲಿಸಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿರುತ್ತಾಳೆ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳ ಹೆಸರು ಕನ್ನಡದ ಮೈಕಿನಲ್ಲಿ, ಅಪ್ಪನ ಹೆಸರೂ ಮನೆತನದ ಹೆಸರೂ ಸೇರಿ ಉದ್ದಕ್ಕೆ ಮೊಳಗುತ್ತದೆ. ಓದಿನಲ್ಲಿ ಹಿಂದುಳಿದ ಎಷ್ಟೋ ಮಕ್ಕಳಿಗೆ ಊರೆದುರು ತಮ್ಮ ಹೆಸರು ಕೇಳಿಸುವ ಸಂದರ್ಭ ವರ್ಷದಲ್ಲಿ ಇದೊಂದೇ.

ಈ ಬಹುಮಾನಗಳಲ್ಲಿ ದೊಡ್ಡದು ‘ವೀರಾಗ್ರಣಿ’. ಇದರ ಲೆಕ್ಕಾಚಾರ ಸರಳ. ಒಬ್ಬ ವಿದ್ಯಾರ್ಥಿ ಸಾಮಾನ್ಯವಾಗಿ ಮೂರು ವೈಯಕ್ತಿಕ ಸ್ಪರ್ಧೆಗಳಲ್ಲಿ ಮಾತ್ರ ಭಾಗವಹಿಸಬಹುದು, ರಿಲೇ ಬೇರೆ. ಪ್ರಥಮಕ್ಕೆ 5, ದ್ವಿತೀಯಕ್ಕೆ 3, ತೃತೀಯಕ್ಕೆ 1 ಅಂಕ. ಮೂರರಲ್ಲೂ ಮೊದಲು ಬಂದರೆ 15. ಹೆಚ್ಚು ಅಂಕ ಗಳಿಸಿದ ಹುಡುಗ, ಹುಡುಗಿಗೆ ವೈಯಕ್ತಿಕ ವೀರಾಗ್ರಣಿ. ಶಾಲೆ ಶಾಲೆಗಳ ನಡುವಿನ ಕೂಟದಲ್ಲಾದರೆ, ಎಲ್ಲರ ಅಂಕ ಕೂಡಿ ಮುಂದಿರುವ ಶಾಲೆಗೆ ಸಮಗ್ರ ವೀರಾಗ್ರಣಿ. ಹಾಗಾಗಿ ಮೂರು ಸ್ಪರ್ಧೆಗಳನ್ನು ಆರಿಸುವುದೇ ಒಂದು ವಿದ್ಯೆ. ಉದ್ದ ಜಿಗಿತ ಬಲ್ಲ ಹುಡುಗಿಯನ್ನು 100 ಮೀಟರಿಗೂ ಹಾಕಬೇಕೆ, 200 ಮೀಟರಿಗೂ ಹಾಕಿ ದಣಿಸಬೇಕೆ, ರಿಲೇಗೆ ಉಳಿಸಿಕೊಳ್ಳಬೇಕೆ ಎಂದು ಪಿ.ಟಿ. ಮಾಸ್ತರರು ರಾತ್ರಿಯೆಲ್ಲ ಹಾಳೆ ಹಿಡಿದು ಕೂತಿರುತ್ತಾರೆ.

ಈ ಮಾಸ್ತರರ ಕಷ್ಟ ಘಟ್ಟದ ಮೇಲಿನವರಿಗೆ ಪೂರ್ತಿ ತಿಳಿಯಲಿಕ್ಕಿಲ್ಲ. ವಲಯ, ತಾಲೂಕು ಮಟ್ಟದ ಕೂಟಗಳು ನಡೆಯುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ ಆಗಿನ್ನೂ ಮೈದಾನ ಕೆಸರು. ಗೆರೆ ಎಳೆದ ಸುಣ್ಣದ ಪುಡಿ ಮರುಗಳಿಗೆಗೆ ತೊಳೆದು ಹೋಗುತ್ತದೆ. ಅಭ್ಯಾಸ ಶಾಲೆಯ ಜಗಲಿಯಲ್ಲಿ, ಇಲ್ಲವೇ ಮಳೆ ಬಿಟ್ಟ ಸಂಜೆ ಕಡಲ ದಂಡೆಯ ಮರಳಿನಲ್ಲಿ. ಹೀಗೆ ತಯಾರಾದ ಮಕ್ಕಳು ತಾಲೂಕು ದಾಟಿ, ಕಾರವಾರ ಶೈಕ್ಷಣಿಕ ಜಿಲ್ಲೆ ದಾಟಿ, ಬೆಳಗಾವಿ ವಿಭಾಗದಲ್ಲಿ ಬಯಲುಸೀಮೆಯ ಗಟ್ಟಿ ನೆಲದಲ್ಲಿ ಪಳಗಿದವರ ಎದುರು ನಿಲ್ಲಬೇಕು. ಮಳೆ ನಿಂತು ನೆಲ ಒಣಗಿ, ಕಾಲು ಚುರುಕಾಗುವ ನವೆಂಬರಿನಲ್ಲಿ ಸರ್ಕಾರಿ ಕ್ರೀಡಾಕೂಟಗಳ ಮುಖ್ಯ ಹಂತಗಳು ಮುಗಿದಿರುತ್ತವೆ. ಉಳಿಯುವುದು ಗ್ಯಾದರಿಂಗಿಗೆ ಮುನ್ನ ಶಾಲೆಯೇ ನಡೆಸುವ ಆಟೋಟ. ನಮ್ಮ ಮಕ್ಕಳ ನಿಜವಾದ ಓಟ ಕಾಣಸಿಗುವುದು ಅಲ್ಲೇ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಬಹುಮಾನದ ವಸ್ತುವೆಂದರೆ ಸ್ಟೀಲು. ತಟ್ಟೆ, ಲೋಟ, ಡಬ್ಬಿ. ಅದರ ಮೇಲೆ ಶಾಲೆಯ ಹೆಸರು, ಇಸವಿ ಕೊರೆಸಿದ್ದರೆ ಅದು ಮನೆಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಬಳಕೆಯಲ್ಲಿರುತ್ತದೆ. ಪ್ಲಾಸ್ಟಿಕ್ಕಿನ ಹೊಳೆಯುವ ಕಪ್ಪುಗಳು ಈಚೆಗೆ ಬಂದವು. ಬಣ್ಣ ಎರಡು ಮಳೆಗಾಲ ತಾಳುವುದಿಲ್ಲ. ಈ ವಸ್ತುಗಳ ಹಿಂದೆ ಇರುವುದು ದತ್ತಿನಿಧಿ. ಊರು ಬಿಟ್ಟು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದವರು ಅಪ್ಪ ಅವ್ವನ ನೆನಪಿಗೆ, ತಮಗೆ ಕಲಿಸಿದ ಅಕ್ಕೋರ ನೆನಪಿಗೆ ಬ್ಯಾಂಕಿನಲ್ಲಿ ಇಟ್ಟ ಠೇವಣಿ ಅದು. ಪ್ರತಿ ವರ್ಷದ ಬಡ್ಡಿಯಲ್ಲಿ ಬಹುಮಾನ. ಅಂಥವರ ಹೆಸರು ಮೈಕಿನಲ್ಲಿ ಬರುವಾಗ ಸಭೆಯಲ್ಲಿ ಕೂತ ಹಿರಿಯರು ತಲೆದೂಗುತ್ತಾರೆ, ಆ ಮನುಷ್ಯನನ್ನು ಕಂಡವರು ಪಕ್ಕದವರಿಗೆ ಹೇಳುತ್ತಾರೆ. ಆದರೆ ಶೇ 12 ಬಡ್ಡಿಯ ಕಾಲದಲ್ಲಿ 5,000 ರೂಪಾಯಿಗೆ ವರ್ಷಕ್ಕೆ 600 ಬರುತ್ತಿದ್ದರೆ, ಶೇ 6ಕ್ಕೆ ಇಳಿದಾಗ ಬರುವುದು 300. ಸ್ಟೀಲಿನ ಬೆಲೆ ಎಷ್ಟು ಪಟ್ಟು ಏರಿದೆ ನೋಡಿ. ತಟ್ಟೆ ಲೋಟವಾಗಿ, ಲೋಟ ಪೆನ್ನಾಗಿ ಕಿರಿದಾಗುತ್ತ ಬಂದದ್ದು ಹೀಗೆ. ದತ್ತಿ ಇಟ್ಟವರ ಮಕ್ಕಳು ಮೂಲಧನಕ್ಕೆ ಇನ್ನಷ್ಟು ಸೇರಿಸುವ ಪದ್ಧತಿ ಬೆಳೆಯಬೇಕು.

ಬಹುಮಾನ ಕೊಡುವ ಕ್ರಮದ ಬಗ್ಗೆಯೂ ಒಂದು ಮಾತಿದೆ. ರಾಷ್ಟ್ರಮಟ್ಟದ ಶಾಲಾ ಕ್ರೀಡೆಗಳಲ್ಲಿ ವಯಸ್ಸಿನ ಲೆಕ್ಕ ಡಿಸೆಂಬರ್ 31ಕ್ಕೆ. 14 ವರ್ಷದೊಳಗಿನವರ ಸಾಲಿನಲ್ಲಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಟ್ಟಿಗೇ ನಿಲ್ಲುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ದೊಡ್ಡ ಅಂತರ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರುವುದನ್ನು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ತೋರಿಸಿದರು. ಬೇಗ ಬೆಳೆದ ದೇಹಕ್ಕೆ ಬಹುಮಾನ, ಬಹುಮಾನ ಬಂದವರಿಗೆ ಇನ್ನಷ್ಟು ಅಭ್ಯಾಸ, ಉಳಿದವರು ಹನ್ನೆರಡಕ್ಕೇ ಆಟ ಬಿಡುವುದು. ನಮ್ಮ 5-3-1ರ ಲೆಕ್ಕಕ್ಕೂ ಈ ದೋಷವಿದೆ.

ಹಿಮದ ದೇಶಗಳವರು ಇದಕ್ಕೆ ಉಪಾಯ ಹುಡುಕಿದ್ದಾರೆ. ಅಮೆರಿಕ, ಕೆನಡಾದ ಸ್ಕೀ ಮತ್ತು ಸ್ನೋಬೋರ್ಡ್ ಕ್ಲಬ್ಬುಗಳು ಹಿಮ ಕರಗುವ ಹೊತ್ತಿಗೆ ಮಕ್ಕಳನ್ನೂ ಪಾಲಕರನ್ನೂ ಸೇರಿಸಿ ವರ್ಷದ ಪ್ರಶಸ್ತಿ ಕೊಡುತ್ತವೆ. ಅವರ ಗ್ಯಾದರಿಂಗ್ ಅದು. ಅಲ್ಲಿ ವೇಗದವರ ಜೊತೆಗೆ, ವರ್ಷದಲ್ಲಿ ಅತಿ ಹೆಚ್ಚು ಸುಧಾರಿಸಿದವರಿಗೆ, ಸಂಗಡಿಗರಿಗೆ ಒದಗಿದವರಿಗೆ ಬೇರೆಯೇ ಗೌರವವಿರುತ್ತದೆ. ನಾರ್ವೆ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಮಕ್ಕಳ ಕ್ರೀಡಾ ನಿಯಮದಂತೆ 11ನೇ ವರ್ಷದವರೆಗೆ ಅಂಕಪಟ್ಟಿ, ಸ್ಥಾನಪಟ್ಟಿ ಪ್ರಕಟಿಸುವಂತಿಲ್ಲ. ಮಕ್ಕಳಿಗೆ ಬಹುಮಾನ ಕೊಡುವುದಾದರೆ ಎಲ್ಲರಿಗೂ ಕೊಡಬೇಕು. ಮಕ್ಕಳನ್ನು ಹೀಗೆ ಬೆಳೆಸುವ ಆ ಪುಟ್ಟ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ, 2022ರಲ್ಲಿ 16 ಚಿನ್ನ ಗೆದ್ದು ಎರಡು ಬಾರಿಯೂ ಪಟ್ಟಿಯ ತುದಿಯಲ್ಲಿತ್ತು.

ಹಿಮವೇ ಬೀಳದ ಕರ್ನಾಟಕದಲ್ಲೂ ಒಬ್ಬ ಸ್ಕೀ ಪಟು ಇದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ರಾಜ್ಯಕ್ಕೆ ಚಿನ್ನ ತಂದವರು. ಎನ್‌ಸಿಸಿ, ಪರ್ವತಾರೋಹಣದ ಹಾದಿಯಲ್ಲಿ ದೊಡ್ಡವರಾದ ಮೇಲೆ ಸ್ಕೀ ಕಲಿತವರು. ಹದಿಮೂರರ ವಯಸ್ಸಿನಲ್ಲಿ ಯಾವ ಅಂಕಪಟ್ಟಿಯೂ ಅವರನ್ನು ಸ್ಕೀಗೆ ಆರಿಸುತ್ತಿರಲಿಲ್ಲ.

ಮಕ್ಕಳನ್ನು ಗುರುತಿಸಿ ಆರಿಸುವುದಕ್ಕೆ ನಮ್ಮದೇ ಜಿಲ್ಲೆಯಲ್ಲಿ ಇನ್ನೊಂದು ಮಗ್ಗುಲಿದೆ. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದಾಗ, ಕ್ರೀಡಾ ಪ್ರಾಧಿಕಾರದವರು ಹಳಿಯಾಳ, ಯಲ್ಲಾಪುರದ ಕಾಡಿಗೆ ಬಂದು ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕಮಲಾ ಸಿದ್ದಿಯಂಥವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ದೂರದಿಂದ ಬಂದು ಗುರುತಿಸುವವರು ದೂರಕ್ಕೇ ಹೋಗಿಬಿಡಬಹುದು. ವರ್ಷ ವರ್ಷವೂ ತಪ್ಪದೆ ಮಗುವಿನ ಹೆಸರು ಕರೆಯುವ ವೇದಿಕೆ ಊರಿನ ಶಾಲೆಯದು, ಅದಕ್ಕೇ ಅದರ ಬೆಲೆ ದೊಡ್ಡದು. ರಾಜ್ಯ ಸರ್ಕಾರ ಕೊಡುವ ಏಕಲವ್ಯ ಪ್ರಶಸ್ತಿ, ದೇಸಿ ಆಟಗಳಿಗೆ ಕೊಡುವ ಕ್ರೀಡಾರತ್ನ ಆಮೇಲಿನ ಮಾತು.

ಆದ್ದರಿಂದ ಈ ಸಲದ ಗ್ಯಾದರಿಂಗಿಗೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆ ಸೇರುವಾಗ ಎರಡು ವಿಷಯ ಚರ್ಚೆಗೆ ಬರಲಿ. ಒಂದು, ವೀರಾಗ್ರಣಿಯ ಪಕ್ಕದಲ್ಲೇ ಸುಧಾರಣೆಯ ಬಹುಮಾನ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಪ್ರತಿ ಮಗುವಿನ 100 ಮೀಟರ್ ಓಟ, ಉದ್ದ ಜಿಗಿತ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಗಡಿಯಾರ, ಟೇಪು ಶಾಲೆಯಲ್ಲಿ ಹೇಗೂ ಇವೆ. ಇನ್ನೊಂದು, ಆಟೋಟದ ಬಹುಮಾನವನ್ನು ಅತಿಥಿಗಳ ಭಾಷಣಕ್ಕೆ ಮೊದಲು ಕೊಡುವುದು. ರಾತ್ರಿ ಹತ್ತಾದ ಮೇಲೆ, ಬಣ್ಣ ಹಚ್ಚಿಕೊಂಡ ಮಕ್ಕಳು ಪರದೆಯ ಹಿಂದೆ ಕಾಯುತ್ತಿರುವಾಗ, ಹೆಸರುಗಳನ್ನು ಗಡಿಬಿಡಿಯಲ್ಲಿ ಓದಿ ಮುಗಿಸುವುದು ಬೇಡ. ಒಂದೊಂದೇ ಹೆಸರು, ಯಾವ ಸ್ಪರ್ಧೆ, ಎಷ್ಟು ಸೆಕೆಂಡು, ಎಷ್ಟು ಮೀಟರು, ಹೋದ ವರ್ಷ ಎಷ್ಟಿತ್ತು ಎಂಬುದನ್ನೂ ಸೇರಿಸಿ ಓದಲಿ. ಅವ್ವ ಅಪ್ಪನನ್ನೂ ವೇದಿಕೆಗೆ ಕರೆಯಲಿ.