ಬೆನ್ನಿನ ಆರೋಗ್ಯವೂ ಶಾಲೆಯ ದಿನಚರಿಯೂ

ಗಡಿನಾಡಿನ ಶಾಲೆಯಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರೊಬ್ಬರು ಬೆನ್ನುನೋವಿನಿಂದ ರಜೆ ಹಾಕಿದರೆ ಆಗುವ ನಷ್ಟ ಸಣ್ಣದಲ್ಲ. ಮಕ್ಕಳ ಭಾಷೆಯನ್ನು ಬಲ್ಲ ಮತ್ತೊಬ್ಬರು ಅದೇ ಕಟ್ಟಡದಲ್ಲಿ ಇಲ್ಲದಿರುವುದೇ ಹೆಚ್ಚು. ದಿನವೇತನಕ್ಕಾದರೂ ಕನ್ನಡ ಬಲ್ಲವರು ಒಡನೆ ದೊರೆಯುವುದಿಲ್ಲ. ಸೇವೆಯ ಮೊದಲ ವರ್ಷಗಳಲ್ಲಿ ನಾನು ಮಧ್ಯಾಹ್ನದ ಊಟದ ಅಕ್ಕಿಮೂಟೆಯೊಂದನ್ನು ಬಾಗಿ ಎತ್ತಲು ಹೋಗಿ, ಸೊಂಟ ಹಿಡಿದು, ಮೂರು ವಾರ ಹಾಸಿಗೆಯಲ್ಲಿದ್ದೆ. ಅಷ್ಟು ದಿನ ಎರಡು ತರಗತಿಯ ಮಕ್ಕಳಿಗೆ ಪಾಠವಿರಲಿಲ್ಲ. ನಾನು ಅಂದು ಮಾಡಿದ ತಪ್ಪುಗಳು ಎರಡು: ಮೂಟೆಯನ್ನು ಎತ್ತಿದ ರೀತಿ ಒಂದು, ಮೂರು ವಾರ ಮಲಗಿಯೇ ಇದ್ದುದು ಇನ್ನೊಂದು. ಇವೆರಡನ್ನೂ ತಪ್ಪಿಸಬಹುದಾಗಿತ್ತು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬೆನ್ನೆಲುಬಿನ ರಚನೆ

ಮಗುವಿನ ಬೆನ್ನೆಲುಬಿನಲ್ಲಿ 33 ಕಶೇರುಮಣಿಗಳಿರುತ್ತವೆ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಅದರ ಕೆಳಗಿನ ಒಂಬತ್ತು ಮಣಿಗಳು ಬೆಳೆದಂತೆ ಬೆಸೆದುಕೊಂಡು ಎರಡು ಮೂಳೆಗಳಾಗುತ್ತವೆ. ಹೀಗೆ ವಯಸ್ಕರಲ್ಲಿ ಉಳಿಯುವುದು 26. ಚಲಿಸುವ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಇವುಗಳನ್ನೇ ಡಿಸ್ಕ್ ಎನ್ನುತ್ತೇವೆ. ವಯಸ್ಕರ ಡಿಸ್ಕ್‌ಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ನಡೆದಾಗ, ಬಾಗಿದಾಗ, ಮಲಗಿದಾಗ ಒತ್ತಡ ಏರಿಳಿಯುತ್ತದೆ. ಆಗ ದ್ರವವು ಒಳಗೂ ಹೊರಗೂ ಹರಿದು ಅವುಗಳಿಗೆ ಪೋಷಣೆ ಒದಗುತ್ತದೆ. ಆದುದರಿಂದ ಚಲನೆಯೇ ಬೆನ್ನಿಗೆ ಆಹಾರವೆಂದರೆ ಉತ್ಪ್ರೇಕ್ಷೆಯಾಗದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು. ಇವರಲ್ಲಿ ಬಹುಪಾಲು ಜನರ ನೋವಿಗೆ ಮೂಳೆಯ ಅಥವಾ ನರದ ನಿರ್ದಿಷ್ಟ ರೋಗವೊಂದು ಕಾರಣವಾಗಿರುವುದಿಲ್ಲ. ಸ್ನಾಯುಗಳ ದುರ್ಬಲತೆ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು, ಅಭ್ಯಾಸವಿಲ್ಲದ ಭಾರ, ಅತಿತೂಕ, ಧೂಮಪಾನ, ನಿದ್ರೆಯ ಕೊರತೆ, ಮಾನಸಿಕ ಒತ್ತಡ, ಇವೆಲ್ಲ ಸೇರಿ ನೋವನ್ನು ತರುತ್ತವೆ.

ಶಿಕ್ಷಕರ ದಿನಚರಿಯಲ್ಲಿ

ಶಿಕ್ಷಕರ ಬೆನ್ನು ದಣಿಯುವ ಸಂದರ್ಭಗಳನ್ನು ಒಂದೊಂದಾಗಿ ನೋಡೋಣ.

1. ನಿಲ್ಲುವುದು: ಒಂದು ಅವಧಿಯುದ್ದಕ್ಕೂ ಮೇಜಿನ ಬಳಿ ಒಂದೇ ಕಡೆ ನಿಲ್ಲಬಾರದು. ಪಾಠ ಹೇಳುತ್ತಲೇ ಸಾಲುಗಳ ನಡುವೆ ನಡೆಯಬೇಕು. ನಿಲ್ಲಲೇಬೇಕಾದಾಗ ಒಂದು ಕಾಲನ್ನು ಗಿಡ್ಡ ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸಿದರೆ ಸೊಂಟದ ಬಿಗಿ ಸಡಿಲುತ್ತದೆ. ಕರಿಹಲಗೆಯ ತೀರ ಮೇಲಿನ ಅಂಚಿನಲ್ಲಿ ಕೈಚಾಚಿ ಬರೆಯುವುದನ್ನು ಕಡಿಮೆ ಮಾಡುವುದು ಲೇಸು.

2. ಬಾಗುವುದು: ಕೆಳ ತರಗತಿಗಳ ಬೆಂಚುಗಳು ಗಿಡ್ಡ. ಮಗುವಿನ ಬರಹ ತಿದ್ದಲು ದಿನಕ್ಕೆ ನೂರು ಬಾರಿಯಾದರೂ ಸೊಂಟದಿಂದ ಬಾಗುತ್ತೇವೆ. ಅದರ ಬದಲು ಒಂದು ಮೊಣಕಾಲೂರಿ, ಇಲ್ಲವೆ ಸಣ್ಣ ಸ್ಟೂಲಿನ ಮೇಲೆ ಮಗುವಿನ ಪಕ್ಕದಲ್ಲೇ ಕುಳಿತು ತಿದ್ದಬಹುದು. ಮಗುವಿನ ಕಣ್ಣಿಗೆ ಕಣ್ಣಿಟ್ಟು ಮಾತನಾಡುವ ಲಾಭವೂ ಇದರಲ್ಲಿದೆ.

3. ಕುಳಿತುಕೊಳ್ಳುವುದು: ಉತ್ತರಪತ್ರಿಕೆಗಳ ಮೌಲ್ಯಮಾಪನದ ದಿನಗಳಲ್ಲಿ ನೋವು ಹೆಚ್ಚುವುದು ನಮಗೆಲ್ಲ ತಿಳಿದ ಅನುಭವ. ಪಾದಗಳು ನೆಲ ಮುಟ್ಟಿರಬೇಕು, ಸೊಂಟಕ್ಕೆ ಕುರ್ಚಿಯ ಆಸರೆ ಇರಬೇಕು. ಆಸರೆ ಸಾಲದಿದ್ದರೆ ಮಡಚಿದ ಟವೆಲೊಂದು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಸದಾಕಾಲಕ್ಕೂ ಸರಿಯಾದ ಭಂಗಿ ಎಂಬುದೊಂದಿಲ್ಲ. ಭಂಗಿಯನ್ನು ಬದಲಿಸುತ್ತಿರುವುದೇ ಸರಿಯಾದ ಅಭ್ಯಾಸ.

4. ಭಾರ ಎತ್ತುವುದು: ವಸ್ತುವಿಗೆ ತೀರ ಹತ್ತಿರ ನಿಂತು, ಮೊಣಕಾಲುಗಳನ್ನು ಮಡಚಿ, ಭಾರವನ್ನು ಮೈಗೆ ಒತ್ತಿ ಹಿಡಿದು, ಕಾಲಿನ ಬಲದಿಂದ ಏಳಬೇಕು. ಎತ್ತಿದ ಮೇಲೆ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಭಾರವು ಮೈಯಿಂದ ದೂರವಾದಷ್ಟೂ ಸನ್ನೆಕೋಲಿನ ನಿಯಮದಂತೆ ಸೊಂಟದ ಮೇಲಿನ ಒತ್ತಡ ಹಲವು ಪಟ್ಟು ಹೆಚ್ಚುತ್ತದೆ. 50 ಕಿಲೋಗ್ರಾಂ ಅಕ್ಕಿಮೂಟೆಯನ್ನು ಒಬ್ಬರೇ ಎತ್ತಲೇಬಾರದು. ಬಿಚ್ಚಿ ಡಬ್ಬಿಗಳಲ್ಲಿ ಹಂಚಿ ಸಾಗಿಸುವುದು ಅವಮಾನದ ವಿಷಯವಲ್ಲ.

5. ನಡಿಗೆ: 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದು ಗಮನಾರ್ಹ. ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರಲ್ಲಿ ಒಂದು ಗುಂಪಿಗೆ ಕ್ರಮೇಣ ಹೆಚ್ಚುವ ನಡಿಗೆಯನ್ನೂ ತಿಳಿವಳಿಕೆಯನ್ನೂ ನೀಡಲಾಯಿತು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ನಡೆಯುವುದು ಗುರಿಯಾಗಿತ್ತು. ನೋವು ಮರುಕಳಿಸುವವರೆಗಿನ ಮಧ್ಯಕ ಅವಧಿ ಈ ಗುಂಪಿನಲ್ಲಿ 208 ದಿನ, ಉಳಿದವರಲ್ಲಿ 112 ದಿನ. ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುವ ಶಿಕ್ಷಕರಿಗೆ ಈ ಔಷಧ ಉಚಿತವಾಗಿ ದೊರೆಯುತ್ತದೆ.

ಮಕ್ಕಳ ಚೀಲ

ಮೈಸೂರಿನ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯಲ್ಲಿ ತಮ್ಮ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಮಕ್ಕಳ ಬೆನ್ನ ಮೇಲಿನ ಹೊರೆ. ಮುಂದೆ ಯಶಪಾಲ್ ಸಮಿತಿಯು 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತು ವರದಿ ಸಲ್ಲಿಸಿತು. 2020ರ ಶಾಲಾಚೀಲ ನೀತಿಯು ಚೀಲದ ತೂಕ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದೆಂದು ಹೇಳುತ್ತದೆ. 22 ಕಿಲೋಗ್ರಾಂ ತೂಗುವ ಮಗುವಿಗೆ ಇದು 2.2 ಕಿಲೋಗ್ರಾಂ ಮಾತ್ರ. ಒಂದು ಲೀಟರ್ ನೀರಿನ ಬಾಟಲಿಯೇ ಇದರ ಅರ್ಧದಷ್ಟನ್ನು ನುಂಗಿಬಿಡುತ್ತದೆ.

ಗಡಿನಾಡಿನ ಮಗು ಕನ್ನಡದೊಂದಿಗೆ ರಾಜ್ಯದ ಭಾಷೆ, ಇಂಗ್ಲಿಷ್, ಮೇಲಿನ ತರಗತಿಗಳಲ್ಲಿ ಹಿಂದಿಯನ್ನೂ ಹೊರಬೇಕಾಗಬಹುದು. ತಮಿಳುನಾಡು 2012-13ರಲ್ಲಿ ಮೂರು ಅವಧಿಗಳಿಗೆ ಬೇರೆ ಬೇರೆ ಪುಸ್ತಕಗಳನ್ನು ತಂದಿತು. ಕೇರಳದ ಪಠ್ಯಪುಸ್ತಕಗಳೂ ಭಾಗಗಳಾಗಿ ಬರುತ್ತವೆ. ಮಗು ಎಲ್ಲ ಭಾಗಗಳನ್ನೂ ದಿನವೂ ತರುತ್ತಿದ್ದರೆ ಈ ವ್ಯವಸ್ಥೆಯ ಪ್ರಯೋಜನವಿಲ್ಲ. ವೇಳಾಪಟ್ಟಿಯನ್ನು ಮಕ್ಕಳಿಗೂ ಪೋಷಕರಿಗೂ ಸ್ಪಷ್ಟವಾಗಿ ತಿಳಿಸಬೇಕು. ಎರಡೂ ಹೆಗಲಿಗೆ ಪಟ್ಟಿ ಹಾಕುವುದು, ಭಾರದ ಪುಸ್ತಕವನ್ನು ಬೆನ್ನಿನ ಕಡೆಗೆ ಇಡುವುದು, ಶಾಲೆಯಲ್ಲಿ ಶುದ್ಧ ನೀರಿದ್ದರೆ ಖಾಲಿ ಬಾಟಲಿ ತರುವುದು, ಇವನ್ನು ರೂಢಿಸಬೇಕು. ಚೀಲವೊಂದರಿಂದಲೇ ಶಾಶ್ವತವಾದ ಬೆನ್ನುನೋವು ಬರುತ್ತದೆನ್ನಲು ಸಾಕಷ್ಟು ಆಧಾರವಿಲ್ಲ. ಆದರೆ ದಣಿದ ಮಗು ಮೊದಲ ಪಾಠವನ್ನು ಕೇಳುವುದಿಲ್ಲ ಎಂಬುದು ನಾವು ಕಾಣುತ್ತಿರುವ ಸತ್ಯ.

ನೋವು ಬಂದಾಗ

ಹೊಸದಾಗಿ ಬಂದ ಸೊಂಟನೋವು ಬಹುಮಟ್ಟಿಗೆ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ತೀರ ಕಷ್ಟವೆನಿಸಿದರೆ ಒಂದೆರಡು ದಿನ ವಿಶ್ರಮಿಸಿ, ಅನಂತರ ಸಾಧ್ಯವಾದಷ್ಟು ನಡೆದಾಡಬೇಕು. ಬಿಸಿ ಶಾಖ ಹಿತಕರ. ಹೆಚ್ಚು ದಿನ ಮಲಗಿದರೆ ಸ್ನಾಯುಗಳು ಸೊರಗಿ ಚೇತರಿಕೆ ತಡವಾಗುತ್ತದೆ. ದೀರ್ಘಕಾಲದ ಸೊಂಟನೋವಿಗೆ ಸೊಂಟಪಟ್ಟಿಯನ್ನು ವಾಡಿಕೆಯಾಗಿ ಕಟ್ಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತದೆ.

ಆದರೆ ಕೆಲವು ಲಕ್ಷಣಗಳನ್ನು ಕಡೆಗಣಿಸಬಾರದು. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಗಳ ಸಂದು ಮರಗಟ್ಟುವುದು, ಕಾಲಿನ ಬಲ ಕುಂದುತ್ತ ಹೋಗುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲಿನ ತೀವ್ರ ನೋವು, ಮಲಗಿದರೂ ತಗ್ಗದ ರಾತ್ರಿಯ ನೋವು ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ತರಗತಿಗೊಂದು ಚಟುವಟಿಕೆ

ಶಾಲೆಯ ತೂಕದ ಯಂತ್ರದಲ್ಲಿ ಪ್ರತಿ ಮಗುವಿನ ತೂಕವನ್ನೂ ಚೀಲದ ತೂಕವನ್ನೂ ಮಕ್ಕಳೇ ಅಳೆದು ಬರೆಯಲಿ. ಶೇಕಡಾವಾರು ಲೆಕ್ಕವನ್ನು ಗಣಿತದ ಅವಧಿಯಲ್ಲಿ ಮಾಡಿಸಿರಿ. ಮಗುವಿನ ತೂಕವನ್ನು ಇತರರೆದುರು ಓದಿ ಹೇಳಬಾರದು. ಪ್ರತಿ ಪಾಠದ ನಡುವೆ ಎರಡು ನಿಮಿಷ ಎಲ್ಲರೂ ಎದ್ದು ಕೈಚಾಚಿ, ಬೆನ್ನು ನಿಮಿರಿಸಿ, ನಿಂತಲ್ಲೇ ನಡೆಯಲಿ. ಶಿಕ್ಷಕರೂ ಅವರೊಂದಿಗೆ ಸೇರಿಕೊಳ್ಳಲಿ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ನಡೆಯನ್ನು ಬೇಗ ಕಲಿಯುತ್ತಾರೆ. ನಮ್ಮ ಬೆನ್ನು ಗಟ್ಟಿಯಾಗಿದ್ದರೆ ಅವರ ಪಾಠವೂ ತಪ್ಪದೆ ಸಾಗುತ್ತದೆ.