ಮೂಕ ರೋಗಿಗೆ ಮೊಬೈಲ್ ಮದ್ದು

ಆಕಳು ಮೇವು ಬಿಟ್ಟಿತೆಂದರೆ ಹಿಂದೆ ಮನೆಯ ಹಿರಿಯರು ಮೊದಲು ಅದರ ಕಿವಿಯನ್ನು ಮುಟ್ಟಿ ನೋಡುತ್ತಿದ್ದರು. ಕಿವಿ ಬಿಸಿಯಾಗಿದೆಯೋ ತಣ್ಣಗಿದೆಯೋ, ಮೂಗಿನ ತುದಿಯಲ್ಲಿ ಪಸೆ ಇದೆಯೋ ಒಣಗಿದೆಯೋ, ಮೆಲುಕು ಹಾಕುತ್ತಿದೆಯೋ ಇಲ್ಲವೋ ಎಂಬುದನ್ನು ಕಂಡುಕೊಂಡು, ಬಳಿಕ ದನದ ದವಾಖಾನೆಗೆ ಮಗನನ್ನು ಕಳುಹಿಸುತ್ತಿದ್ದರು. ಈಗ ಮೊದಲು ಮುಟ್ಟುವುದು ಮೊಬೈಲನ್ನು. ರೋಗದ ಲಕ್ಷಣವನ್ನು ಬಾಯಲ್ಲಿ ಹೇಳಿದರೆ ಸಾಕು, ಹತ್ತಾರು ವಿಡಿಯೋಗಳು ಸಾಲುಗಟ್ಟಿ ನಿಲ್ಲುತ್ತವೆ. ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಸ್ಕೋಪು ಇಳಿಬಿಟ್ಟು, ಹೆಸರಿನ ಮುಂದೆ ‘ಡಾಕ್ಟರ್’ ಎಂದು ಬರೆದುಕೊಂಡವರೊಬ್ಬರು ಔಷಧದ ಹೆಸರನ್ನೂ ಪ್ರಮಾಣವನ್ನೂ ನಿಸ್ಸಂಕೋಚವಾಗಿ ಹೇಳಿಬಿಡುತ್ತಾರೆ.

ಇವರೆಲ್ಲರೂ ವೇಷಧಾರಿಗಳೆಂದು ನಾನು ಹೇಳುವುದಿಲ್ಲ. ನಿಜವಾದ ಪಶುವೈದ್ಯರೂ ಇವರಲ್ಲಿ ಇದ್ದಾರೆ. ಲಸಿಕೆಯ ಕಾಲ, ಕೊಟ್ಟಿಗೆಯ ಶುಚಿತ್ವ, ಕರುವಿಗೆ ಗಿಣ್ಣುಹಾಲು ಕುಡಿಸುವ ಕ್ರಮ ಮುಂತಾದವನ್ನು ಅವರಿಂದ ತಿಳಿಯುವುದು ಒಳ್ಳೆಯದೇ. ಆದರೆ ಉಳಿದವರಲ್ಲಿ ಪಶು ಆಹಾರದ ವ್ಯಾಪಾರಿಗಳು, ನಾಯಿಮರಿ ಮಾರುವವರು, ಔಷಧದ ಅಂಗಡಿಯಲ್ಲಿ ಕೆಲವು ವರ್ಷ ದುಡಿದವರು, ನಾಲ್ಕು ಹಸು ಸಾಕಿ ಅನುಭವ ಪಡೆದವರು ಇದ್ದಾರೆ. ಅನುಭವವು ಹೀನವಾದುದಲ್ಲ. ಅದು ವೈದ್ಯನ ವೇಷ ತೊಟ್ಟು ಬಂದಾಗಲೇ ತೊಂದರೆ.

ಆಯುರ್ವೇದದವನಾದ ನಾನು ಪಶುಗಳ ವಿಷಯವನ್ನು ಇಲ್ಲೇಕೆ ಎತ್ತಿಕೊಂಡೆನೆಂದು ಓದುಗರಿಗೆ ಅನಿಸಬಹುದು. ನನ್ನಲ್ಲಿಗೆ ಮಂಡಿನೋವಿಗೆಂದು ಬಂದವರು, ಎದ್ದು ಹೊರಡುವಾಗ ಫೋನನ್ನು ಮುಂದೆ ಹಿಡಿದು, “ಡಾಕ್ಟ್ರೇ, ಇದು ಆಯುರ್ವೇದದ ಔಷಧವಂತೆ, ನಮ್ಮ ಎಮ್ಮೆಗೆ ಕೊಡಬಹುದೇನ್ರಿ?” ಎಂದು ಕೇಳುವುದು ಈಚೆಗೆ ನಿತ್ಯದ ಮಾತಾಗಿದೆ. ಆ ವಿಡಿಯೋಗಳಲ್ಲಿ ಬಹಳಷ್ಟು ಆಯುರ್ವೇದದ ಹೆಸರನ್ನೇ ಹೊತ್ತು ತಿರುಗುತ್ತಿವೆ. ಆದ್ದರಿಂದ ಈ ಬರಹ.

ನಮ್ಮ ಶಾಸ್ತ್ರದಲ್ಲಿ ರೋಗಿಯ ಪರೀಕ್ಷೆ ಮೂರು ಬಗೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡಿ ತಿಳಿಯುವುದು, ಮುಟ್ಟಿ ತಿಳಿಯುವುದು, ಕೇಳಿ ತಿಳಿಯುವುದು. ಪಶುವಿನ ವಿಷಯದಲ್ಲಿ ಪ್ರಶ್ನವು ಮೊದಲೇ ಅರ್ಧ ಹೋಯಿತು. ಉತ್ತರಿಸುವವನು ರೋಗಿಯಲ್ಲ, ಅದರ ಒಡೆಯ. ಆದುದರಿಂದ ಪಶುವೈದ್ಯನಿಗೆ ಸ್ಪರ್ಶನವೇ ಮುಖ್ಯ ಆಧಾರ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಶಾಖವನ್ನು ಅಳೆಯುತ್ತಾನೆ; ಎಡ ಡೊಕ್ಕೆಯ ಮೇಲೆ ಮುಷ್ಟಿಯಿಟ್ಟು ದೊಡ್ಡಹೊಟ್ಟೆ ಕದಲುತ್ತಿದೆಯೇ ಎಂದು ನೋಡುತ್ತಾನೆ; ರೆಪ್ಪೆಯನ್ನು ಸರಿಸಿ ಒಳಗಿನ ಬಣ್ಣ ಕಾಣುತ್ತಾನೆ; ಕೆಚ್ಚಲನ್ನು ಹಿಂಡಿ ಹಾಲಿನ ಗುಣ ಪರೀಕ್ಷಿಸುತ್ತಾನೆ. ಫೋನಿನೊಳಗಿನ ಸಲಹೆಗಾರನಿಗೆ ಇವು ಯಾವುವೂ ಇಲ್ಲ. ಹೆಚ್ಚಿನ ಪಕ್ಷ ಮಸುಕಾದ ಒಂದು ಚಿತ್ರ ಅವನ ಕಣ್ಣಿಗೆ ಬೀಳುತ್ತದೆ. ಮೊದಲೇ ಮಾಡಿಟ್ಟ ವಿಡಿಯೋ ಆದರೆ ಅದೂ ಇಲ್ಲ. ಅವನು ನಿಮ್ಮ ಆಕಳನ್ನು ಕಂಡೇ ಇಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಕರು ಹಾಕಿದ ಎರಡು ಮೂರು ದಿನಗಳೊಳಗೆ ಕಾಣಿಸುವ ವ್ಯಾಧಿಯೊಂದಕ್ಕೆ ‘ಹಾಲು ಜ್ವರ’ ಎಂದು ಹೆಸರು. ಹೆಸರಿನಲ್ಲಿ ಜ್ವರವಿದೆ, ಮೈಯಲ್ಲಿ ಇಲ್ಲ. ರಕ್ತದಲ್ಲಿನ ಕ್ಯಾಲ್ಸಿಯಂ ಒಮ್ಮೆಲೆ ಹಾಲಿನೊಳಕ್ಕೆ ಇಳಿದುಹೋಗುವುದರಿಂದ ಸ್ನಾಯುಗಳು ಶಕ್ತಿಗುಂದಿ, ಹಸು ನೆಲಕ್ಕೆ ಕುಸಿದು, ಕತ್ತನ್ನು ಪಕ್ಕೆಯ ಕಡೆಗೆ ಮಡಿಚಿ ಮಲಗುತ್ತದೆ. ಕಿವಿ ತಣ್ಣಗಿರುತ್ತದೆ, ದೇಹದ ಶಾಖವು ಸಹಜಕ್ಕಿಂತ ಕೆಳಗೇ ಇರುವುದು ಸಾಮಾನ್ಯ. ‘ಜ್ವರ’ ಎಂದು ಹುಡುಕಿದವನಿಗೆ ಜ್ವರದ ಗುಳಿಗೆ ಸಿಗುತ್ತದೆ. ಅದನ್ನು ನೀರಿನಲ್ಲಿ ಕಲಸಿ ಎತ್ತಿದರೆ, ನುಂಗುವ ಶಕ್ತಿಯನ್ನೇ ಕಳೆದುಕೊಂಡಿರುವ ಹಸುವಿನ ಶ್ವಾಸನಾಳಕ್ಕೆ ಆ ನೀರು ಇಳಿಯುತ್ತದೆ. ಇನ್ನೂ ಸ್ವಲ್ಪ ತಿಳಿದವನು ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಏರಿಸಲು ಹೇಳುತ್ತಾನೆ. ಔಷಧ ಸರಿಯೇ. ಆದರೆ ಅದು ಬೇಗ ಏರಿದರೆ ಹೃದಯವೇ ನಿಲ್ಲುತ್ತದೆ. ಪಶುವೈದ್ಯನು ಎದೆಬಡಿತವನ್ನು ಆಲಿಸುತ್ತ, ನಿಧಾನವಾಗಿ ಏರಿಸುತ್ತಾನೆ; ಹಾಗೆ ಮಾಡಿದಾಗ ನೆಲ ಹಿಡಿದ ಹಸು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುವುದನ್ನು ನಮ್ಮ ರೈತರು ಕಂಡಿದ್ದಾರೆ. ಅದೇ ಬಾಟಲಿ, ಅದೇ ಹಸು.

ಹೊಟ್ಟೆ ಉಬ್ಬರದ ಮಾತೂ ಹೀಗೆಯೇ. ಎಳೆಯ ಹಸಿ ಮೇವನ್ನೋ ಕಾಳನ್ನೋ ಅತಿಯಾಗಿ ತಿಂದಾಗ ಎಡ ಡೊಕ್ಕೆ ನಗಾರಿಯಂತೆ ಬಿಗಿಯುತ್ತದೆ. ಎಣ್ಣೆ ಕುಡಿಸಬೇಕೆಂಬುದು ಎಲ್ಲರೂ ಬಲ್ಲ ಮದ್ದು. ಹೊಟ್ಟೆಯಲ್ಲಿ ನೊರೆ ಕಟ್ಟಿದ್ದರೆ ಎಣ್ಣೆಯು ಆ ನೊರೆಯನ್ನು ಒಡೆಯುವುದು ನಿಜ. ಆದರೆ ಮಾವಿನ ಓಟೆಯೋ ಮೆಕ್ಕೆಜೋಳದ ದಿಂಡೋ ಅನ್ನನಾಳದಲ್ಲಿ ಸಿಕ್ಕಿಕೊಂಡು ವಾಯು ಹೊರಬರದೆ ಉಬ್ಬರಿಸಿದ್ದರೆ? ಆಗ ಎತ್ತಿದ ಎಣ್ಣೆಗೆ ಕೆಳಗಿಳಿಯುವ ದಾರಿಯೇ ಇಲ್ಲ; ಅದು ಹಿಂದಕ್ಕೆ ಬಂದು ಶ್ವಾಸಕೋಶವನ್ನು ಸೇರುತ್ತದೆ. ಎರಡೂ ಉಬ್ಬರಗಳು ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ. ಗೊಟ್ಟದಲ್ಲಿ ಔಷಧ ಎತ್ತುವಾಗ ತಲೆಯನ್ನು ಮುಗಿಲಿಗೆ ಎತ್ತಿಹಿಡಿದು ನಾಲಿಗೆಯನ್ನು ಹೊರಗೆಳೆಯುವ ರೂಢಿ ಇನ್ನೂ ಉಳಿದಿದೆ. ನಾಲಿಗೆಯನ್ನು ಹಿಡಿದರೆ ಪಶುವಿಗೆ ನುಂಗಲಾಗದು. ಹಾಗೆ ಎತ್ತಿದ ಕಷಾಯದಿಂದ ನ್ಯುಮೋನಿಯಾ ಆಗಿ ಮೂರು ನಾಲ್ಕು ದಿನಗಳ ಮೇಲೆ ಪಶು ಸತ್ತರೆ, ಅದನ್ನು ಮೊದಲಿನ ರೋಗದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.

ನಗರದಲ್ಲಿರುವ ನಮ್ಮ ಮಕ್ಕಳು ಮೊಮ್ಮಕ್ಕಳು ಸಾಕುವ ನಾಯಿ ಬೆಕ್ಕುಗಳ ಕಡೆಗೆ ಬಂದರೆ ಅಪಾಯವು ಬೇರೆ ರೂಪದ್ದು. ಮನುಷ್ಯರ ಗುಳಿಗೆಯನ್ನು ತೂಕಕ್ಕೆ ತಕ್ಕಂತೆ ಮುರಿದು ಕೊಟ್ಟರಾಯಿತೆಂದು ಅನೇಕರು ತಿಳಿಯುತ್ತಾರೆ. ಹೇಳುವವರೂ ಹಾಗೆಯೇ ಹೇಳುತ್ತಾರೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಆ ಔಷಧವನ್ನು ನಿರ್ವಿಷಗೊಳಿಸುವ ಕ್ರಿಯೆಯು ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 500 ಮಿಲಿಗ್ರಾಂನ ಒಂದೇ ಗುಳಿಗೆ ಅದರ ಪ್ರಾಣ ತೆಗೆಯಬಲ್ಲದು. ರಕ್ತವು ಪ್ರಾಣವಾಯುವನ್ನು ಹೊರಲಾರದಾಗಿ ವಸಡುಗಳು ಕಂದುಬಣ್ಣಕ್ಕೆ ತಿರುಗುತ್ತವೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ. ನೋವಿಗೆ ಕೊಡುವ ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಉಣ್ಣೆ ಹೋಗಲೆಂದು ನಾಯಿಯ ಮೈಗೆ ಹಚ್ಚುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ನಡುಕ ಹತ್ತಿ ಸಾಯಬಹುದು.

ಗುಳಿಗೆ ವಿಷ, ಗಿಡಮೂಲಿಕೆ ಅಮೃತ ಎಂಬ ನಂಬಿಕೆಯೂ ಇಲ್ಲಿ ಕೆಲಸಕ್ಕೆ ಬಾರದು. ಬೆಳ್ಳುಳ್ಳಿಯು ನಮ್ಮಲ್ಲಿ ರಸಾಯನವೆನಿಸಿದೆ, ನಾನೂ ಬರೆದುಕೊಡುತ್ತೇನೆ. ಆದರೆ ಬೆಳ್ಳುಳ್ಳಿ ಈರುಳ್ಳಿಗಳೆರಡೂ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಜಂತುಹುಳಕ್ಕೆ ಬೆಳ್ಳುಳ್ಳಿ ಅರೆದು ಕೊಡಿರೆನ್ನುವ ಸಲಹೆ ಮಾತ್ರ ಎಲ್ಲೆಡೆ ಹರಿದಾಡುತ್ತಿದೆ. ಪಾಯಸದಲ್ಲಿನ ಒಣದ್ರಾಕ್ಷಿ ಸಹ ಕೆಲವು ನಾಯಿಗಳ ಮೂತ್ರಪಿಂಡವನ್ನು ನಿಲ್ಲಿಸಿಬಿಡುತ್ತದೆ.

ನಮ್ಮ ಪೂರ್ವಿಕರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. ಆನೆಗೆಂದು ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕುದುರೆಗೆಂದು ಶಾಲಿಹೋತ್ರನ ಶಾಸ್ತ್ರ ಬೇರೆಬೇರೆಯಾಗಿ ಹುಟ್ಟಿದವು. ಕನ್ನಡದಲ್ಲಿಯೇ ಚಾಲುಕ್ಯ ಮನೆತನದ ಕೀರ್ತಿವರ್ಮನು 12ನೆಯ ಶತಮಾನದಲ್ಲಿ ‘ಗೋವೈದ್ಯ’ವನ್ನು ಬರೆದನು. ಮನುಷ್ಯರ ಮದ್ದನ್ನೇ ಹೆಚ್ಚು ಕಡಿಮೆ ಮಾಡಿ ಕೊಟ್ಟರೆ ಸಾಕಿದ್ದರೆ ಇಷ್ಟು ಗ್ರಂಥಗಳ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾದರೆ ಫೋನಿನ ಮದ್ದಿನಿಂದ ಗುಣವಾಯಿತೆಂದು ಅಷ್ಟೊಂದು ಜನ ಹೇಳುವುದು ಸುಳ್ಳೇ? ಸುಳ್ಳಲ್ಲ. 2022ರಲ್ಲಿ ಚರ್ಮಗಂಟು ರೋಗವು ನಮ್ಮ ಜಿಲ್ಲೆಗಳಲ್ಲಿ ಹಬ್ಬಿದ್ದನ್ನು ಯಾರೂ ಮರೆತಿಲ್ಲ. ಅದು ಸಿಡುಬಿನ ಜಾತಿಯ ವೈರಾಣುವಿನಿಂದ ಬರುವ ರೋಗ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ. ಕರುಗಳೂ ದುರ್ಬಲ ಪಶುಗಳೂ ಸಾಯುತ್ತವೆ, ಆದರೆ ಆರೈಕೆ ದೊರೆತ ಹೆಚ್ಚಿನ ದನಗಳು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಹೀಗಿರುವಲ್ಲಿ ಯಾವ ಮದ್ದು ಕೊಟ್ಟರೂ ಕೀರ್ತಿ ಆ ಮದ್ದಿಗೇ ಸಲ್ಲುತ್ತದೆ. ಬದುಕಿದ ಹಸುವಿನ ಒಡೆಯನು ಸಂತೋಷದಿಂದ ವಿಡಿಯೋ ಹಂಚುತ್ತಾನೆ. ಸತ್ತ ಹಸುವಿನ ಒಡೆಯನು ಗುಂಡಿ ತೋಡುತ್ತಿರುತ್ತಾನೆ. ಅವನಿಗೆ ವಿಡಿಯೋ ಮಾಡುವ ಮನಸ್ಸೆಲ್ಲಿಯದು?

ಆ ವರ್ಷ ವೀಳ್ಯದೆಲೆ, ಕಾಳುಮೆಣಸು, ಉಪ್ಪು, ಬೆಲ್ಲ ಅರೆದು ತಿನ್ನಿಸುವ ಕ್ರಮವೊಂದು ಊರೂರು ಸುತ್ತಿತು. ಅದು ಬೀದಿಯ ಮದ್ದಲ್ಲ. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡಿದ ಪಾರಂಪರಿಕ ಔಷಧ. ನನಗೆ ಅದರಲ್ಲಿ ಗೌರವವಿದೆ. ಆದರೆ ಕೈಯಿಂದ ಕೈಗೆ ಸಾಗುತ್ತ ನನ್ನ ಫೋನಿಗೆ ಬಂದ ಸಂದೇಶದಲ್ಲಿ ಮಂಡಳಿಯ ಹೆಸರು ಅಳಿದು, ಇನ್ನಾರದೋ ಹೆಸರು ಕೂತಿತ್ತು. ಜೊತೆಗೆ ‘ಇದಾದ ಮೇಲೆ ಲಸಿಕೆ ಬೇಡ’ ಎಂಬ ಸಾಲು ಸೇರಿತ್ತು. ಔಷಧಕ್ಕಿಂತ ಆ ಒಂದು ಸಾಲು ಹೆಚ್ಚು ಕೇಡು ಮಾಡಬಲ್ಲದು.

ಇಷ್ಟರವರೆಗೆ ಹೇಳಿದುದು ಪಶುವಿನ ನಷ್ಟ. ಮನೆಯವರ ಪ್ರಾಣಕ್ಕೇ ಬರುವ ಸಂದರ್ಭಗಳಿವೆ. ಆಕಳು ಜೊಲ್ಲು ಸುರಿಸುತ್ತ, ನೀರು ಕುಡಿಯಲಾರದೆ, ಒಡಕು ದನಿಯಲ್ಲಿ ಒರಲುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ, ಕೈ ಹಾಕಿ ತೆಗೆಯಿರಿ ಎಂದು ದೂರದವರು ಹೇಳುತ್ತಾರೆ. ಹುಚ್ಚುನಾಯಿ ಕಚ್ಚಿ ರೇಬಿಸ್ ತಗುಲಿದ ದನವೂ ಹೀಗೆಯೇ ಕಾಣುತ್ತದೆ. ಆ ಜೊಲ್ಲಿನಲ್ಲಿ ವೈರಾಣು ಇರುತ್ತದೆ. ಕೈಯ ಮೇಲಿನ ಸಣ್ಣ ಗೀರೊಂದು ಸಾಕು. ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವ ಔಷಧವು ನನ್ನ ಶಾಸ್ತ್ರದಲ್ಲೂ ಇಲ್ಲ, ಅಲೋಪಥಿಯಲ್ಲೂ ಇಲ್ಲ. ಇಂತಹ ದನದ ಬಾಯಿಗೆ ಕೈ ಹಾಕಕೂಡದು. ಹಾಕಿಯಾಗಿದ್ದರೆ, ಅಥವಾ ನಾಯಿ ಬೆಕ್ಕು ಕಚ್ಚಿದ್ದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಗಾಯಕ್ಕೆ ಸುಣ್ಣ, ಖಾರದ ಪುಡಿ, ಯಾವ ಸೊಪ್ಪಿನ ರಸವನ್ನೂ ತುಂಬಬಾರದು. ಹಾಗೆಯೇ ಹಸು ಕಂದು ಹಾಕಿದಾಗ ಮಾಸುಚೀಲವನ್ನು ಬರಿಗೈಯಿಂದ ಎಳೆಯುವುದು ಬೇಡ; ಅದು ಬ್ರುಸೆಲ್ಲೋಸಿಸ್ ಆಗಿದ್ದರೆ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ಎಳೆದವರಿಗೇ ಅಂಟುತ್ತದೆ. ಕೆಚ್ಚಲು ಬಾವಿಗೆ ಯಾರದೋ ಮಾತು ಕೇಳಿ ಆಂಟಿಬಯಾಟಿಕ್ ಚುಚ್ಚಿ, ಆ ಹಾಲನ್ನೇ ಡೇರಿಗೆ ಹಾಕಿದರೆ ಅದು ಊರಿನ ಮಕ್ಕಳ ಹೊಟ್ಟೆಗೂ ಹೋಗುತ್ತದೆ.

ದನದ ನೋವಿಗೆ ಎಗ್ಗಿಲ್ಲದೆ ಚುಚ್ಚಿದ ಡೈಕ್ಲೊಫೆನಾಕ್‌ನ ಕಥೆಯನ್ನೂ ಇಲ್ಲಿ ನೆನೆಯಬಹುದು. ಚುಚ್ಚಿಸಿಕೊಂಡ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ದೇಶದಾದ್ಯಂತ ಅಳಿದವು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು; ಮನುಷ್ಯರ ದೊಡ್ಡ ಬಾಟಲಿಗಳನ್ನು ದನಕ್ಕೆ ಬಳಸುವುದು ನಿಲ್ಲದಿದ್ದುದರಿಂದ 2015ರಲ್ಲಿ ಆ ಬಾಟಲಿಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು.

ಇನ್ನು ನಿಜವಾದ ಪಶುವೈದ್ಯನನ್ನು ಗುರುತಿಸುವ ಬಗೆ. ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆ, 1984ರ ಪ್ರಕಾರ ಬಿ.ವಿ.ಎಸ್‌ಸಿ. ಅಂಡ್ ಎ.ಎಚ್. ಪದವಿ ಪಡೆದು ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಪಶುವೈದ್ಯ ವೃತ್ತಿಯ ಅಧಿಕಾರ. ಡಿಪ್ಲೊಮಾ ಪಡೆದವರು ವೈದ್ಯರ ಮೇಲ್ವಿಚಾರಣೆಯಲ್ಲಿ, ಸರ್ಕಾರ ಅನುಮತಿಸಿದ ಸಣ್ಣ ಸೇವೆಗಳನ್ನು ಮಾಡಬಹುದು. ಆ ಪದವಿಯ ವ್ಯಾಸಂಗ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ನನ್ನ ಬಿ.ಎ.ಎಂ.ಎಸ್.ಗೂ ಅಷ್ಟೇ ಕಾಲ. ಆದರೂ ನಾನು ನಿಮ್ಮ ಎಮ್ಮೆಗೆ ಚೀಟಿ ಬರೆಯುವಂತಿಲ್ಲ. ಬರೆಯಲೊಲ್ಲೆನೆಂದಾಗ ಕೆಲವರು ಬೇಸರಪಡುತ್ತಾರೆ, ಪಡಲಿ. ಫೋನಿನಲ್ಲಿ ಸಲಹೆ ಕೊಡುವವರಿಗೆ ನೋಂದಣಿ ಸಂಖ್ಯೆ ಎಷ್ಟೆಂದು ಕೇಳಿರಿ. ನಿಜವಾದ ವೈದ್ಯನು ಹೇಳುತ್ತಾನೆ, ಅದನ್ನು ಕರ್ನಾಟಕ ಪಶುವೈದ್ಯ ಪರಿಷತ್ತಿನಲ್ಲಿ ವಿಚಾರಿಸಬಹುದು. ಇನ್ನೂ ಸುಲಭದ ಗುರುತೊಂದಿದೆ: ಬಲ್ಲವನು ಮೊದಲು ಪ್ರಶ್ನೆ ಕೇಳುತ್ತಾನೆ, ಬಳಿಕ ಹತ್ತಿರದ ವೈದ್ಯರಿಗೆ ತೋರಿಸಲು ಹೇಳುತ್ತಾನೆ. ಬಲ್ಲೆನೆನ್ನುವವನು ಮೊದಲು ಪುಡಿಯ ಬೆಲೆ ಹೇಳುತ್ತಾನೆ.

ಹಳ್ಳಿಯಲ್ಲಿ ಪಶುವೈದ್ಯರ ಹುದ್ದೆ ಖಾಲಿ ಇದೆ, ರಾತ್ರಿ ಯಾರೂ ಸಿಗುವುದಿಲ್ಲ ಎಂಬುದು ನಿಜವಾದ ಕಷ್ಟ. ಫೋನಿನ ವೈದ್ಯರು ಬೆಳೆದದ್ದು ಆ ಬಯಲಿನಲ್ಲಿಯೇ. ಅದಕ್ಕೆಂದೇ ಸಂಚಾರಿ ಪಶು ಚಿಕಿತ್ಸಾಲಯದ 1962 ಎಂಬ ಉಚಿತ ಸಂಖ್ಯೆ ಇದೆ. ಗೋಡೆಯ ಮೇಲೆ ಬರೆದಿಡಿರಿ. ಕರೆ ಮಾಡುವಾಗ ಪಶುವಿನ ವಯಸ್ಸು, ಕರು ಹಾಕಿ ಎಷ್ಟು ದಿನವಾಯಿತು, ಮೇವು ಮೆಲುಕು ಯಾವಾಗ ನಿಂತಿತು, ಸಗಣಿ ಮೂತ್ರ ಹೇಗಿವೆ, ಈ ಎರಡು ದಿನಗಳಲ್ಲಿ ಏನು ತಿಂದಿದೆ ಎಂಬುದನ್ನು ಹೇಳಲು ಸಿದ್ಧರಿರಿ. ವೈದ್ಯರು ಬರುವವರೆಗೆ ಬಾಯಿಗೆ ಏನನ್ನೂ ಎತ್ತಬೇಡಿ. ಮಲಗಿದ ಹಸುವನ್ನು ಎದೆಯ ಮೇಲೆ ನೆಟ್ಟಗೆ ಕೂರುವಂತೆ ಹುಲ್ಲಿನ ಹೊರೆಯ ಆಸರೆ ಕೊಡಿ, ಬಿಸಿಲಿದ್ದರೆ ನೆರಳು ಮಾಡಿ. ನಾಯಿಯೋ ಬೆಕ್ಕೋ ಗುಳಿಗೆ ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಆ ಗುಳಿಗೆಯ ಖಾಲಿ ಹಾಳೆಯನ್ನು ಜೊತೆಯಲ್ಲಿ ಒಯ್ಯಿರಿ. ಫೋನಿನ ಮಾತು ಕೇಳಿ ಈಗಾಗಲೇ ಏನಾದರೂ ಕೊಟ್ಟಿದ್ದರೆ ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿರಿ. ಅವರು ಮುಂದೆ ಕೊಡುವ ಔಷಧವು ಅದರ ಮೇಲೆಯೇ ನಿರ್ಧಾರವಾಗುತ್ತದೆ.